ಲ್ಯಾಮಿನೇಶನ್ ಅಂಗಡಿಗೆ ಹೋಗುವ ಮುನ್ನ

ಹಾಳೆಮನೆ, ಗದಗ
ಪ್ಲವ ಸಂವತ್ಸರ, ಉರಿಮಾಸದ ಐವತ್ತೆರಡನೆಯ ದಿನ
ನಿಮ್ಮ ಲೆಕ್ಕಕ್ಕೆ ಕ್ರಿ.ಶ. 2201

ತೀರ್ಥರೂಪರಿಗೂ ತೀರ್ಥರೂಪರಾದ ಗುರುಪಾದಜ್ಜನವರಿಗೆ, ನಿಮ್ಮಿಂದ ಏಳನೆಯ ತಲೆಮಾರಿನ ಮೊಮ್ಮಗಳು ನೀಲಗಂಗಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ಐವತ್ತೆರಡು ದಿನ ಕಳೆದರೂ ಮುಗಿಯದ ತಿಂಗಳು ಎಲ್ಲಿಯದು ಎಂದು ನೀವು ಕೇಳುವುದು ನ್ಯಾಯವೇ. ಬೇಸಿಗೆ ಹಿಗ್ಗುತ್ತ ಹಿಗ್ಗುತ್ತ ಅಕ್ಕಪಕ್ಕದ ತಿಂಗಳುಗಳನ್ನೆಲ್ಲ ನುಂಗಿದ ಮೇಲೆ ಪಂಚಾಂಗದವರು ಸೋತು, ಎಲ್ಲಕ್ಕೂ ಸೇರಿಸಿ ಉರಿಮಾಸ ಎಂದು ಹೆಸರಿಟ್ಟರು. ಮೊದಲ ಮಳೆ ಬಿದ್ದ ದಿನ ಅದು ಮುಗಿಯುತ್ತದೆ. ಈ ವರ್ಷ ಇನ್ನೂ ಬಿದ್ದಿಲ್ಲ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ಒಗ್ಗದಿರಬಹುದು. ನಿಮ್ಮ ಕಾಲದ ಭಾಷೆಯನ್ನು ನಾನು ಸಿನಿಮಾ ಪೋಸ್ಟರ್‌ಗಳಿಂದಲೇ ಕಲಿತವಳು. ಮಾತಿನ ನಡುವೆ ಇದ್ದಕ್ಕಿದ್ದಂತೆ ‘ಅದ್ದೂರಿ’, ‘ಅಮೋಘ’ ಎಂದು ಕೂಗಿಬಿಟ್ಟರೆ ಮನ್ನಿಸಿ.

ಹಾಳೆಮನೆ ಎಂದರೆ ಹಳೆಯ ಕಾಗದಗಳನ್ನು ರಿಪೇರಿ ಮಾಡುವ ಜಾಗ. ನನ್ನ ಪಾಲಿಗೆ ಬಂದಿರುವುದು ಪೋಸ್ಟರ್‌ಗಳು. ಟಾಕೀಸಿನ ಗೋಡೆಯಿಂದ ಕಿತ್ತು ತಂದ ಪೋಸ್ಟರ್ ಎಂದೂ ಒಂಟಿಯಾಗಿರುವುದಿಲ್ಲ. ಶುಕ್ರವಾರಕ್ಕೊಂದರಂತೆ ಒಂದರ ಮೇಲೊಂದು ಅಂಟಿಸಿ ಅಂಟಿಸಿ ಅದು ದಪ್ಪ ರಟ್ಟಿನಂತಾಗಿರುತ್ತದೆ. ಅದನ್ನು ನೀರಿನಲ್ಲಿ ನೆನೆಹಾಕಿ, ಮೈದಾ ಅಂಟು ಮೆತ್ತಗಾಗುವವರೆಗೆ ಕಾಯ್ದು, ಬಿದಿರಿನ ಚೂರಿಯಿಂದ ಪದರ ಪದರವಾಗಿ ಬಿಡಿಸುತ್ತೇನೆ. ಆಮೇಲೆ ಬೆನ್ನಿಗೆ ತೆಳು ಅರಿವೆ ಅಂಟಿಸಿ, ತೂತುಗಳಿಗೆ ಕಾಗದದ ಹಿಟ್ಟು ತುಂಬಿ, ತುಂಬಿದಲ್ಲಿ ಮಾತ್ರ ಬಣ್ಣ ಹಚ್ಚುತ್ತೇನೆ. ನೀರಿನದೇ ದೊಡ್ಡ ತಲೆನೋವು. ನಮಗೆ ಸಿಗುವುದು ಪಾಲುನೀರು, ಮನೆಗಿಷ್ಟೆಂದು ಅಳೆದು ಕೊಡುವಂಥದ್ದು. ನಾನೊಂದು ಪೋಸ್ಟರ್ ತೊಳೆದ ದಿನ ನಮ್ಮ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. ಗಂಡ ಒದ್ದೆ ಟವೆಲಿನಿಂದ ಮೈ ಒರೆಸಿಕೊಂಡು ನನ್ನ ಕಡೆ ಒಮ್ಮೆ ನೋಡುತ್ತಾನೆ, ಅಷ್ಟೇ.

ಇಷ್ಟು ಪಾಡು ಯಾತಕ್ಕೆ ಎಂದು ನಾನೂ ಕೇಳಿಕೊಂಡಿದ್ದೇನೆ. ಈಗ ಸಿನಿಮಾ ಎಂಬುದಿಲ್ಲ. ಇರುವುದು ಒಂಟಿಯಾಟ: ಯಾರು ನೋಡುತ್ತಾರೋ ಅವರ ಮನಸ್ಸಿಗೆ ತಕ್ಕಂತೆ ಕತೆ ಕಟ್ಟಿ ಅವರೊಬ್ಬರಿಗೇ ತೋರಿಸುವ ಆಟ. ಪಕ್ಕದಲ್ಲಿ ಕೂತವರಿಗೆ ಅದು ಕಾಣುವುದೂ ಇಲ್ಲ. ಶಾಲೆಯ ಮಕ್ಕಳು ಹಾಳೆಮನೆಗೆ ಬಂದರೆ ಪೋಸ್ಟರ್ ತೋರಿಸಿ “ಇದು ಯಾರ ಆಟ?” ಎಂದು ಕೇಳುತ್ತಾರೆ. ಊರಿನದು ಎಂದರೆ ನಂಬುವುದಿಲ್ಲ. ಸಾವಿರ ಜನ ಒಂದೇ ಕಡೆ ಕೂತು ಒಂದೇ ಕತೆಗೆ ಅತ್ತರೆಂದು ಅವರಿಗೆ ಹೇಗೆ ತಿಳಿಸಲಿ? ಹಾಳೆ ತೋರಿಸುತ್ತೇನೆ, ಬೇರೇನೂ ನನ್ನ ಬಳಿ ಇಲ್ಲ.

ಅಜ್ಜ, ನೀವು ಕೂಡಿಟ್ಟ ಟ್ರಂಕು ಆರು ಮನೆ ದಾಟಿ ನನಗೆ ಬಂದಿದೆ. ನಮ್ಮವ್ವ ಹೇಳುತ್ತಿದ್ದಳು: “ನಮ್ಮ ಹಿರೇರು ಹೆಂಡ್ತಿ ಸೀರಿಗಿಂತಾ ಹಾಳೀನ ಜ್ವಾಕಿ ಮಾಡ್ತಿದ್ರಂತ.” ಕೆಡವುತ್ತಿದ್ದ ಟಾಕೀಸಿಗೆ ಓಡಿಹೋಗಿ ಗೋಡೆ ಕೆರೆದಿರಿ, ಒಂದು ಪೋಸ್ಟರನ್ನಂತೂ ಆಕಳ ಬಾಯಿಂದಲೇ ಕಿತ್ತುಕೊಂಡು ಬಂದಿರಿ ಎಂಬುದು ನಮ್ಮ ಮನೆತನದಲ್ಲಿ ಇಂದಿಗೂ ನಡೆಯುವ ಮಾತು. ಅದರ ಮೂಲೆಯಲ್ಲಿ ಹಲ್ಲಿನ ಗುರುತಿತ್ತು. ಎರಡು ದಿನದಲ್ಲಿ ಸರಿಮಾಡಿದೆ. ಅದೊಂದನ್ನು ಮಾತ್ರ ನೀವು, ಹರಿದದ್ದು ಎಂದು, ಹಾಗೇ ಬಿಟ್ಟಿದ್ದಿರಿ. ಉಳಿದ ಚಂದದವುಗಳನ್ನೆಲ್ಲ ಒಂದೇ ಸಲಕ್ಕೆ ಒಯ್ದು ಲ್ಯಾಮಿನೇಟ್ ಮಾಡಿಸಿಬಿಟ್ಟಿರಿ.

ಯಾಕೆ ಮಾಡಿಸಿದಿರಿ ಎಂದು ಕೇಳುವುದಿಲ್ಲ, ನನಗೆ ಗೊತ್ತು. ಧೂಳು ಕೂಡಬಾರದು, ಜಿರಲೆ ಮುಟ್ಟಬಾರದು, ನೂರು ವರ್ಷ ಹೊಳೆಯುತ್ತಿರಬೇಕು. ಹೊಳೆದದ್ದು ಮೊದಲ ಕೆಲವು ವರ್ಷ. ಆಮೇಲೆ ಆ ಪ್ಲಾಸ್ಟಿಕ್ ಹಳದಿಯಾಯಿತು, ಕಂದಾಯಿತು, ಈಗ ಚಹಾದ ಬಣ್ಣಕ್ಕೆ ತಿರುಗಿದೆ. ಒಳಗಿರುವುದು ನಾಯಕನೋ ಕುದುರೆಯೋ ತಿಳಿಯದು. ಕಾಯಿಸಿ ಅಂಟಿಸಿದ ಅಂಟು ಬಣ್ಣದೊಳಕ್ಕೇ ಇಳಿದಿದೆ. ಪ್ಲಾಸ್ಟಿಕ್ ಎಳೆದರೆ ಚಿತ್ರ ಅದರ ಬೆನ್ನಿಗೆ ಹೋಗುತ್ತದೆ, ನನ್ನ ಕೈಯಲ್ಲಿ ಬಿಳಿ ಕಾಗದ ಉಳಿಯುತ್ತದೆ. ನಿಮ್ಮ ಮೇಲೆ ನನಗೆ ಸಿಟ್ಟಿದೆ ಅಜ್ಜ. ದಿನಾ ಬೈಯುತ್ತೇನೆ, ಬೈದು ಮತ್ತೆ ಅದೇ ಟ್ರಂಕಿನ ಮುಂದೆ ಕೂರುತ್ತೇನೆ.

ಈ ಉರಿಮಾಸ ಶುರುವಾದ ಹೊಸತರಲ್ಲಿ ಲಕ್ಷ್ಮೇಶ್ವರದಿಂದ ಹುಸೇನ್‌ಬಿ ಎಂಬ ಮುದುಕಿ ಬಂದಿದ್ದರು, ಹೊತ್ತಿಳಿಗಾಡಿಯಲ್ಲಿ. ಬಿಸಿಲು ತಗ್ಗಿದ ಮೇಲಷ್ಟೇ ಓಡುವ ಗಾಡಿಗೆ ನಾವು ಹಾಗೆನ್ನುತ್ತೇವೆ. ಅವರ ಹಿರಿಯರಾದ ಕಾಸಿಂಸಾಬ ಎಂಬವರು ಕಲ್ಲಚ್ಚಿನ ಕಾಲದಲ್ಲಿ, ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚೊತ್ತುತ್ತಿದ್ದಾಗ, ಪೋಸ್ಟರ್ ಬರೆಯುತ್ತಿದ್ದರಂತೆ. ಅವರ ಫೋಟೋ ಇಲ್ಲ, ಗೋರಿ ಎಲ್ಲಿದೆಯೋ ಗೊತ್ತಿಲ್ಲ, ಬರೆದ ಚಿತ್ರವೂ ಬೇರೆಲ್ಲೂ ಉಳಿದಿಲ್ಲ. ಅವರ ರುಜು ಇರುವ ಮೂರು ಹಾಳೆಗಳು ನಿಮ್ಮ ಟ್ರಂಕಿನಲ್ಲಿವೆ ಎಂದು ಅದರ ಮುಚ್ಚಳದ ಒಳಗೆ ನೀವೇ ಬರೆದಿದ್ದೀರಲ್ಲ, ಆ ಸುದ್ದಿ ಹೇಗೋ ಹುಸೇನ್‌ಬಿಯವರಿಗೆ ಮುಟ್ಟಿದೆ.

“ಅಂವನ ಮಾರಿ ಅಂತೂ ನೋಡ್ಲಿಲ್ಲ. ಅಂವನ ಕೈಯರ ನೋಡೂಣು ಅಂತ ಬಂದೀನವ್ವಾ,” ಎಂದರು. “ನನ್ನ ಕಣ್ಣಾಗ ಪರದಿ ಬರಾಕತ್ತೇತಿ. ಲಗೂನ ಮಾಡು.”

ಮೊದಲನೆಯದನ್ನು ಬೆಚ್ಚಗೆ ಮಾಡಿ ಬಿಡಿಸಿದೆ. ಬಣ್ಣವೆಲ್ಲ ಪ್ಲಾಸ್ಟಿಕ್ಕಿನ ಜೊತೆ ಎದ್ದು ಬಂತು. ಎರಡನೆಯದನ್ನು ತಣ್ಣಗಿಟ್ಟು ಕೂದಲೆಳೆಯಷ್ಟೇ ಎತ್ತುತ್ತ ಹೋದೆ. ಒಂದು ಗೇಣು ಸರಿಯಾಗಿಯೇ ಬಂತು: ನೀಲಿ ಸೆರಗು, ಅದರ ಮಡಿಕೆಯಲ್ಲಿ ಕುಂಚ ಅವಸರವಿಲ್ಲದೆ ತಿರುಗಿದ ಗುರುತು. ಹುಸೇನ್‌ಬಿಯನ್ನು ಕರೆಯಲು ಬಾಯಿ ತೆರೆದೆ, ಅಷ್ಟರಲ್ಲಿ ಕಾಗದವೇ ನಡುವೆ ಸೀಳಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವರು ಹತ್ತಿರ ಬಂದು ಆ ಚೂರುಗಳನ್ನು ಬೆರಳಿನಿಂದ ಸವರಿ ನೋಡಿದರು. “ಅಳಬ್ಯಾಡವ್ವಾ, ನಿಂದೇನೂ ತಪ್ಪಿಲ್ಲ. ಇನ್ನೊಂದೈತಲ್ಲ,” ಎಂದು ನನಗೇ ಸಮಾಧಾನ ಹೇಳಿದರು. ನನಗೆ ಆವತ್ತು ಆದಷ್ಟು ಸಂಕಟ ಈ ಕೆಲಸದಲ್ಲಿ ಎಂದೂ ಆಗಿರಲಿಲ್ಲ.

ಆ ಇನ್ನೊಂದನ್ನು ನಾನು ಮುಟ್ಟಿಲ್ಲ. ನನಗೆ ಗೊತ್ತಿರುವ ದಾರಿ ಎರಡೇ, ಎರಡೂ ಮುಗಿದವು. ನನಗೆ ಸಾಕಾಗಿದೆ ಅಜ್ಜ. ಅದಕ್ಕೇ ಈ ಪತ್ರ. ಇದು ನಿಮಗೆ ಹೇಗೆ ಮುಟ್ಟೀತು ಎಂಬುದು ತಿಳಿಯದು, ದಣಿದವರು ಅಷ್ಟೆಲ್ಲ ಯೋಚಿಸುವುದಿಲ್ಲ.

ನೀವೀಗ ಹಾಳೆಗಳನ್ನು ಸುರುಳಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಲ್ಯಾಮಿನೇಶನ್ ಅಂಗಡಿಗೆ ಹೊರಟಿದ್ದರೆ, ಹೋಗಿ. ನಾನು ಬೇಡವೆಂದರೆ ನೀವು ಕೇಳುವವರಲ್ಲ, ಆ ಹಟ ನನ್ನಲ್ಲೂ ಇದೆ. ಆದರೆ ಕಾಸಿಂಸಾಬರ ರುಜು ಇರುವ ಒಂದೇ ಒಂದನ್ನು ಮನೆಯಲ್ಲಿ ಬಿಟ್ಟು ಹೋಗಿ. ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿ. ಹುಳು ತಿನ್ನಲಿ, ಜಿರಲೆ ಕಡಿಯಲಿ, ಮಡಿಚಿದಲ್ಲಿ ಹರಿಯಲಿ. ಅದನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ, ನನಗೆ ಬರುವುದು ಅದೊಂದೇ ಕೆಲಸ.

ಮಳೆ ಬಿದ್ದ ಮೇಲೆ ಹುಸೇನ್‌ಬಿ ಮತ್ತೆ ಬರುತ್ತಾರೆ. ಅಲ್ಲಿಯವರೆಗೆ ಟ್ರಂಕು ತೆರೆಯುವುದಿಲ್ಲ, ಅವರ ಎದುರಿಗೇ ತೆರೆಯುತ್ತೇನೆ. ತಳದಲ್ಲಿ ಪಂಚೆ ಕೈಗೆ ತಗುಲಿದರೆ, ಅಜ್ಜ ಓದಿದರು ಎಂದುಕೊಳ್ಳುತ್ತೇನೆ.

ನಿಮ್ಮ ಮೇಲೆ ಸಿಟ್ಟಿರುವ, ನಿಮ್ಮ ಹಾಳೆಗಳನ್ನು ಕಾಯುತ್ತಿರುವ,
ನೀಲಗಂಗಾ