ಹುಬ್ಬಿನ ಮೇಲಿನ ಗಾಯ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಚಿನ್ನುಗೆ ಅಕ್ಕನ ನೆನಪುಗಳು.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಏನೂ ತೋಚದೆ ಎದ್ದುಬಿಡುತ್ತಿದ್ದೆ. ಆಸ್ಪತ್ರೆಯಲ್ಲಿ ಉಸಿರಾಡಲೂ ಬಿಡುವಿಲ್ಲ ಎಂದು ಬರೆದಿದ್ದೀಯ. ಹೊತ್ತಿಗೆ ಸರಿಯಾಗಿ ಊಟ ಮಾಡು. ನರ್ಸಮ್ಮನೇ ಒಣಗಿ ಕಡ್ಡಿಯಾದರೆ ರೋಗಿಗಳು ನಿನ್ನ ಉಪದೇಶ ಕೇಳುತ್ತಾರೆಯೇ?

ಭಾನುವಾರ ನಮ್ಮ ಮೊಂಡನ ಫೋಟೊವನ್ನು ಅವನು ಓದಿದ ಶಾಲೆಯಲ್ಲಿ ಹಾಕುತ್ತಾರೆ. ಅಂಗಡಿಗೆ ಹೋಗಿ ಬರಲೂ ಸೈಕಲ್ ಬೇಕೆನ್ನುತ್ತಿದ್ದ ಸೋಮಾರಿ ತಮ್ಮ ಕಾಲಾಳು ಪಡೆ ಸೇರಿದನೆಂದು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು, ನೆನಪಿದೆಯಾ? ಈಗ ಯುದ್ಧದಲ್ಲಿ ಮಡಿದವನೆಂದು ಅವನ ಫೋಟೊ ಹಾಕಲು ಗೋಡೆ ತೊಳೆಯುತ್ತಿದ್ದಾರೆ.

ಆ ಫೋಟೊ ದೊಡ್ಡದು ಮಾಡುವ ಕೆಲಸವನ್ನು ಅಪ್ಪ ಬೇರೆ ಯಾರಿಗೂ ಬಿಡಲಿಲ್ಲ. ಸ್ಟುಡಿಯೊ ಬಾಗಿಲು ಹಾಕಿಕೊಂಡು ಕೂತರು. ಅಪ್ಪನ ಕೈ ನಿನಗೆ ಗೊತ್ತಲ್ಲ, ಮದುಮಗಳ ಮೊಡವೆಯಿರಲಿ, ಮುದುಕರ ಸುಕ್ಕಿರಲಿ, ಕೇಳದೆಯೇ ಕುಂಚದಿಂದ ಅಳಿಸಿಬಿಡುತ್ತದೆ. ಮೊಂಡನ ಎಡಹುಬ್ಬಿನ ಗಾಯದ ಗುರುತನ್ನೂ ಹಾಗೆಯೇ ಅಳಿಸಿದ್ದಾರೆ. ಚಿಕ್ಕಂದಿನಲ್ಲಿ ಅದೇ ಸ್ಟುಡಿಯೊದ ಸ್ಟೂಲಿನಿಂದ ಬಿದ್ದು ಆದ ಗಾಯ. ಸೇನೆ ಸೇರುವಾಗ ಗುರುತಿಗೆಂದು ಅದನ್ನೇ ಬರೆಸಿ, ಇದೊಂದನ್ನು ಮಾತ್ರ ಮುಟ್ಟಬೇಡಿ ಎಂದು ಅಪ್ಪನಿಗೆ ತಮಾಷೆ ಮಾಡಿದ್ದ. ಗೊತ್ತಿಲ್ಲದೆ ಕೈ ಹೋಯಿತು ಎನ್ನುತ್ತಾರೆ ಅಪ್ಪ.

ಚೌಕಟ್ಟು ಹಾಕಿಸಿ ಮನೆಗೆ ತಂದಾಗ ಅಮ್ಮ ಹತ್ತಿರ ಹೋಗಿ ನೋಡಿದಳು. ಅಳುತ್ತಾಳೆಂದು ಹೆದರಿ ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಅಳಲಿಲ್ಲ.

"ಇವನು ನನ್ನ ಮಗ ಅಲ್ಲ ಕಣೇ," ಎಂದಳು.

ಮುಚ್ಚಿದ ಪೆಟ್ಟಿಗೆ ಒಪ್ಪಿಸಿ ಹೋದ ಸೇನೆಯವರಿಗೂ ಹೀಗೇ ತಪ್ಪಾಗಿರಬಹುದು ಎಂದಳು. ಅಪ್ಪ ಓಡಿಹೋಗಿ ಗಾಯವಿರುವ ಇನ್ನೊಂದು ಪ್ರತಿ ತಂದರು. ಅಮ್ಮ ಕಣ್ಣೆತ್ತಿಯೂ ನೋಡಲಿಲ್ಲ.

"ಅಳಿಸೋಕೆ ಬರೋರಿಗೆ ಬರೆಯೋಕೂ ಬರುತ್ತೆ."

ಅಂದಿನಿಂದ ಅಪ್ಪ ಸ್ಟುಡಿಯೊ ತೆರೆದಿಲ್ಲ. ಅಮ್ಮ ಮಾತ್ರ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ. ಮೊಂಡನ ಹಳೆಯ ಬೂಟಿಗೆ ಪಾಲಿಶ್ ಹಾಕಿ ಬಾಗಿಲ ಬಳಿ ಇಟ್ಟಿದ್ದಾಳೆ. ಗೇಟು ಸದ್ದಾದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಾಳೆ. ಭಾನುವಾರ ಜನರೆದುರು ಏನು ಹೇಳಿಬಿಡುತ್ತಾಳೋ ಎಂದು ನನಗೆ ದಿಗಿಲು. ಅದಕ್ಕಿಂತ, ಹೀಗೇ ಎಷ್ಟು ವರ್ಷ ಕಾಯುತ್ತಾಳೋ ಎಂದು ಹೆಚ್ಚು ದಿಗಿಲು.

ಅವನನ್ನು ನಿಮ್ಮ ಆಸ್ಪತ್ರೆಗೆ ತಂದಾಗ, ಪೆಟ್ಟಿಗೆ ಮುಚ್ಚುವ ಮೊದಲು ಮುಖ ನೋಡಿದವಳು ನಮ್ಮಲ್ಲಿ ನೀನೊಬ್ಬಳೇ. ಹುಬ್ಬಿನ ಆ ಗಾಯವನ್ನು ಬೆರಳಿನಿಂದ ಮುಟ್ಟಿದೆ ಎಂದು ನನಗಷ್ಟೇ ಹೇಳಿದ್ದೆ. ಮಿಕ್ಕ ಮೈ ಹೇಗಿತ್ತೆಂದೂ ಕೇಳುತ್ತಾಳೆಂದು ಹೆದರಿ ಅಮ್ಮನ ಮುಂದೆ ನೀನು ಬಾಯಿ ಬಿಡಲಿಲ್ಲ. ನಾನು ಹೇಳಿದರೆ ನಂಬುವುದಿಲ್ಲ. ಭಾನುವಾರಕ್ಕೆ ಮೊದಲು ಬಂದು ನೀನೇ ಹೇಳು. ಇದು ಎಂಥ ಭಾರ ಎಂದು ಗೊತ್ತಿದ್ದೂ ನಿನ್ನ ಮೇಲೆ ಹೊರಿಸುತ್ತಿದ್ದೇನೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರು, ಇಲ್ಲದಿದ್ದರೆ ನಿನಗೆ ಹೊಟ್ಟೆ ತೊಳಸುತ್ತದೆ. ನೂರು ಕಾಲ ಚೆನ್ನಾಗಿರು ತಾಯಿ.

ನಿನ್ನ,
ಅಕ್ಕ

ತಾ.ಕ.: ಅಮ್ಮ ಈಗ ಮಲಗುವಾಗ ಮುಂಬಾಗಿಲಿಗೆ ಚಿಲಕ ಹಾಕುವುದಿಲ್ಲ. ನಿನ್ನೆ ಹಳೆಯ ಅಭ್ಯಾಸದಿಂದ ಹಾಕಿಬಿಟ್ಟಿದ್ದಳು. ಅವಳು ಮಲಗಿದ ಮೇಲೆ ನಾನೇ ಹೋಗಿ ತೆಗೆದು ಬಂದೆ. ಬೇಗ ಬಾ.