ಎಪ್ಪತ್ತಾರು ಗಂಟೆಯ ಹಾಳೆ

ಅಕ್ಟೋಬರ್ 9, ಸೋಮವಾರ. ಮಧ್ಯಾಹ್ನ 3, ಟ್ರೈನಿನಲ್ಲಿ
ಗಂಟೆ: 6

ಹೊಸ ಎರಡು ವಾರ ಇವತ್ತಿನಿಂದ ಶುರು. ನಲವತ್ತೆಂಟರಲ್ಲಿ ಆರು ಮುಗಿಯಿತು. ವಿದ್ಯಾರ್ಥಿ ವೀಸಾದವರಿಗೆ ಎರಡು ವಾರಕ್ಕೆ ನಲವತ್ತೆಂಟೇ. ಮೀರಿದರೆ ಸಿಡ್ನಿಗೆ ಕೈಮುಗಿದು ಮೂಟೆ ಕಟ್ಟಬೇಕಾದೀತು. ಅದಕ್ಕೇ ಈ ಲಾಂಗ್ ಬುಕ್. ಗಂಟೆ ಬರೆಯಲೆಂದು ತಂದದ್ದು, ಈಗ ಹೊಟ್ಟೆಯುರಿಯೂ ಇದರಲ್ಲೇ.

ಮಾಂಸ ತುಂಬಿ ಸಾವಿರದ ನೂರು ಮೊಮೊ ಮಡಚಿದೆ. ಒಂದೊಂದಕ್ಕೂ ಹದಿನೆಂಟು ನೆರಿಗೆ. ಖೇಮ್ ದಾಯ್, ನಾವೆಲ್ಲ ಅಣ್ಣ ಎನ್ನಬೇಕಾದವನು, ನೆರಿಗೆ ಎಣಿಸುತ್ತಾನೆ — ಶೆಡ್ಡು ಅವನದು, ಮೊಮೊ ಅವನದು, ನಾವೂ ಅವನವರೇ ಎಂದು ತಿಳಿದಿದ್ದಾನೆ. ನನ್ನ ಕ್ಲಾಸಿನ ದಿಲ್‌ಮಾನ್‌ನ ತಟ್ಟೆಯಲ್ಲಿ ಹದಿನಾರು ನೆರಿಗೆಯದು ಸಿಕ್ಕಿತು. ಕಪಾಳಕ್ಕೆ ಬಿತ್ತು. ಪಟೀರ್. ಮಿಕ್ಸರ್ ಸದ್ದಿನಲ್ಲೂ ಕೇಳಿಸಿತು.

"ನಿಮ್ಮ ರೋಲ್ಪಾದಲ್ಲಿ ಬರೀ ಗುಡ್ಡ ಎಣಿಸೋದು ಕಲಿಸ್ತಾರೇನೋ," ಅಂದ ದಾಯ್.

ಇಬ್ಬರು ನಕ್ಕರು. ನಾನು ನಗಲಿಲ್ಲ. ಬೇರೇನೂ ಮಾಡಲಿಲ್ಲ.

ಅಕ್ಟೋಬರ್ 12, ಗುರುವಾರ
ಗಂಟೆ: 6

ದುರ್ಗೆಯ ಹಬ್ಬ ದಶೈಂ ಹತ್ತಿರ ಬಂತು. ಇಲ್ಲಿರುವ ನೇಪಾಳಿಗಳಿಗೆಲ್ಲ ಮೊಮೊ ಬೇಕು. ಆರ್ಡರ್ ಮೇಲೆ ಆರ್ಡರ್. ಕಾಲೇಜಿನಲ್ಲಿ ಅಡುಗೆ ಕ್ಲಾಸಿನ ಮೇಷ್ಟ್ರು ಹೇಳಿದರು — ಸೋಮವಾರದಿಂದ ಎರಡು ವಾರ ತರಗತಿ ಇಲ್ಲ, ದಶೈಂ ಮಾಡಿಕೊಳ್ಳಿ. ನಮ್ಮ ಕ್ಲಾಸಿನಲ್ಲಿ ಮುಕ್ಕಾಲು ಪಾಲು ನಾವೇ. ಪಾಠ ಯಾರಿಗೆ ಮಾಡುತ್ತಾರೆ?

ಖೇಮ್ ದಾಯ್ ಕಿವಿ ನೆಟ್ಟಗಾಯಿತು. "ಕಾಲೇಜಿಗೆ ರಜೆ ಅಂದ್ರೆ ಗಂಟೆಗೆ ಲೆಕ್ಕ ಇಲ್ಲ. ಎಷ್ಟು ಬೇಕಾದ್ರೂ ದುಡೀಬಹುದು. ಹತ್ತು ವರ್ಷದಿಂದ ನೋಡ್ತಿದೀನಿ ನಾನು."

"ಹೌದಾ ದಾಯ್?" ದಿಲ್‌ಮಾನ್ ಕೇಳಿದ.

"ದಶೈಂಗೆ ರಜೆ ಅಲ್ದೆ ಇನ್ಯಾವಾಗೋ ರಜೆ?"

ನಿಜ ಅನ್ನಿಸಿತು. ದಶೈಂ ಎಂದರೆ ಶಾಲೆಗೆ ಬೀಗ, ಹುಟ್ಟಿದಾಗಿನಿಂದ ಕಂಡದ್ದು. ಯಾರೂ ಹೋಗಿ ವಿಚಾರಿಸಲಿಲ್ಲ.

ಅಕ್ಟೋಬರ್ 16, ಸೋಮವಾರ
ಗಂಟೆ: 9. ಹೋದ ವಾರದ್ದು 24.

ಬೆರಳುಗಳ ಸಂದಿಯಲ್ಲಿ ಹಿಟ್ಟು ಒಣಗಿ ಚರ್ಮ ಬಿರಿದಿದೆ.

ಅಕ್ಟೋಬರ್ 17 — 9
ಅಕ್ಟೋಬರ್ 18 — 8

ಅಕ್ಟೋಬರ್ 19, ಗುರುವಾರ
ಗಂಟೆ: 10

ದಿಲ್‌ಮಾನ್‌ಗೆ ಜ್ವರ. ಮಾಂಸ ಕೊಚ್ಚುತ್ತ ಗೋಡೆಗೆ ಒರಗಿದ. ದಾಯ್ ಬಂದು ಲಟ್ಟಣಿಗೆಯಿಂದ ಭುಜಕ್ಕೆ ಬಿಟ್ಟ. ಒಂದಲ್ಲ, ಮೂರು. ಮೂರನೆಯದಕ್ಕೆ ದಿಲ್‌ಮಾನ್ ಕುಸಿದು ಕುಳಿತ. ದಾಯ್ ಹೆಂಡತಿ — ನಾವೆಲ್ಲ ಭಾವುಜು ಎನ್ನುತ್ತೇವೆ — ಒಂದು ಲೋಟ ಬಿಸಿನೀರು ತಂದುಕೊಟ್ಟು ಹೋದಳು. ಅವಳ ಕುತ್ತಿಗೆಯ ಹಿಂದೂ ಒಂದು ಹಳದಿ ಗುರುತಿದೆ. ಹಳೆಯದು.

ವಾಪಸ್ ಬರುವಾಗ ಹೇಳಿದೆ, "ಬಿಡೋ ಈ ಕೆಲಸ."

"ಬಿಟ್ಟು ಎಲ್ಲಿಗೆ ಹೋಗ್ಲಿ ದಿದಿ? ನೀನು ಯಾಕೆ ಬಿಟ್ಟಿಲ್ಲ?"

ಎರಡು ವರ್ಷ ಚಿಕ್ಕವನು, ಮಾತು ಮಾತ್ರ ಚುಚ್ಚುವಂಥದ್ದು. ನನಗೆ ಎರಡು ಸಲ ವೀಸಾ ತಿರಸ್ಕಾರವಾಗಿ ಮೂರನೇ ಸಲ ಸಿಕ್ಕಿದ್ದು. ಇನ್ನು ಐದು ತಿಂಗಳಿಗೆ ಡಿಪ್ಲೊಮಾ. ಪೋಖರಾದ ಹೋಟೆಲೊಂದರಲ್ಲಿ ನನ್ನದೇ ಒಲೆ. ಅಲ್ಲಿವರೆಗೆ ಹಲ್ಲು ಕಚ್ಚುವುದು.

ಅಕ್ಟೋಬರ್ 20 — 8

ಅಕ್ಟೋಬರ್ 21, ಶನಿವಾರ. ಬೆಳಿಗ್ಗೆ 11, ವಾಪಸ್ ಟ್ರೈನಿನಲ್ಲಿ

ಕಾಲೇಜಿನಿಂದ ಮೆಸೇಜ್. ದಿಲ್‌ಮಾನ್ ಓದಿ ಹೇಳಿದ. ತರಗತಿ ಇಲ್ಲ ಅಷ್ಟೇ, ಕಾಗದದ ಮೇಲೆ ಟರ್ಮ್ ನಡೆಯುತ್ತಲೇ ಇದೆ, ನಲವತ್ತೆಂಟು ಗಂಟೆ ನಿಯಮ ಹಾಗೇ ಇದೆ, ಮೀರಬೇಡಿ.

ಮೀರಬೇಡಿ. ಈಗ ಹೇಳುತ್ತಾರೆ. ನನ್ನದು ನಿನ್ನೆಗೇ ಅರವತ್ತೆಂಟು.

ದಾಯ್ ಹತ್ತಿರ ಹೋದೆವು. ಅವನು ಮೆಸೇಜ್ ಓದಲೂ ಇಲ್ಲ. ಮುಖದಲ್ಲಿ ಆಶ್ಚರ್ಯವೂ ಇಲ್ಲ. ಆಗ ಅರ್ಥವಾಯಿತು, ಅವನಿಗೆ ಮೊದಲೇ ಗೊತ್ತಿತ್ತು.

"ಮೀರಿ ಆಗಿದೆಯಲ್ಲ," ಅಂದ. "ನೆಂದವಳಿಗೆ ಚಳಿಯೇನು ಪಬಿತ್ರಾ ಬಹಿನಿ? ಕೆಲಸ ನೋಡು. ನಾನು ಬಾಯಿ ಬಿಡಲ್ಲ. ನೀವೂ ಬಿಡಬೇಡಿ."

ಬಾಯಲ್ಲಿ ಬೆಲ್ಲ, ಬಗಲಲ್ಲಿ ದೊಣ್ಣೆ. ತಲೆನೋವೆಂದು ಹೇಳಿ ಹೊರಟೆ. ಇವತ್ತಿನದು 4.

ಅಕ್ಟೋಬರ್ 22, ಭಾನುವಾರ. ಅಷ್ಟಮಿ
ಗಂಟೆ: 4. ಒಟ್ಟು 76.

ದಿಲ್‌ಮಾನ್ ಕಾಲು ಜಾರಿ ಬಿದ್ದ. ಕುದಿನೀರಿಗೆ ಕೈ ಹೋಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ನೆಲ ಒದ್ದೆ ಇತ್ತು.

ಅಕ್ಟೋಬರ್ 24, ಮಂಗಳವಾರ. ದಶಮಿ. ಸಂಜೆ 5

22ರಂದು ಬರೆದದ್ದು ಸುಳ್ಳು. ನೆಲ ಒಣಗಿತ್ತು.

ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದೆ. ಎಂಥ ಹೆಂಗಸು ನಾನು. ಈಗ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅಷ್ಟಮಿಗೆ ದಾಯ್ ಎರಡು ಇಡೀ ಹೋತ ತರಿಸಿದ್ದ. ಬೆಳಿಗ್ಗೆ ಹತ್ತು ಗಂಟೆ. ನಾನು ನಾಲ್ಕನೇ ಗಂಟೆಯ ಕೆಲಸದಲ್ಲಿದ್ದೆ. ದಿಲ್‌ಮಾನ್ ಕತ್ತಿ ಕೆಳಗಿಟ್ಟ. "ಇವತ್ತಿಂದ ಆಗಲ್ಲ ದಾಯ್. ನಲವತ್ತೆಂಟು ಯಾವತ್ತೋ ಮುಗೀತು," ಅಂದ. ಮೆಲ್ಲಗೇ ಹೇಳಿದ. ಏರುದನಿಯಲ್ಲಿ ಹೇಳಿದ್ದರೂ ಇಷ್ಟು ಕೋಪ ಬರುತ್ತಿರಲಿಲ್ಲವೇನೋ.

ದಾಯ್ ಅವನ ಬಲಗೈಯ ರಟ್ಟೆ ಹಿಡಿದ. ಹೋತ ಕಡಿದ ರಕ್ತ ಇನ್ನೂ ದಾಯ್ ಕೈಯಲ್ಲೇ ಇತ್ತು, ಜಾರದಂತೆ ಎರಡೂ ಕೈಯಿಂದ ಹಿಡಿದ. ಮೊಮೊ ಬೇಯಿಸುವ ದೊಡ್ಡ ಪಾತ್ರೆಯ ಮೇಲಿನ ಜರಡಿ ತಟ್ಟೆಯನ್ನು ಮೊಣಕೈಯಿಂದ ತಳ್ಳಿ ಬೀಳಿಸಿದ. ತಳದಲ್ಲಿ ಕುದಿನೀರು.

"ಎಷ್ಟು ಗಂಟೆ ಅಂದೆ? ನಲವತ್ತೆಂಟಾ? ಎಣಿಸು ನೋಡೋಣ."

ಕೈ ಒಳಗೆ ಅದುಮಿದ. ಮೊಣಕೈವರೆಗೆ.

ದಿಲ್‌ಮಾನ್ ಎಣಿಸಿದ. ದೇವರೇ, ನಿಜವಾಗಿಯೂ ಎಣಿಸಿದ. ಒಂದು. ಎರಡು. ಎಣಿಸಿದರೆ ಬಿಡುತ್ತಾನೆ ಎಂದುಕೊಂಡಿರಬೇಕು. ಏಳರವರೆಗೆ ಬಂತು. ಎಂಟು ಮಾತಾಗಲಿಲ್ಲ, ಬರೀ ಕೂಗು. ಕೈ ಹೊರಗೆ ತೆಗೆದಾಗ ಚರ್ಮ ತೋಳಿನ ಜೊತೆ ಬರಲಿಲ್ಲ.

ನಾನು ಏನು ಮಾಡುತ್ತಿದ್ದೆ? ಮೊಮೊ ಮಡಚುತ್ತಿದ್ದೆ. ಬೆರಳು ನಿಲ್ಲಲಿಲ್ಲ. ಆಮೇಲೆ ತಟ್ಟೆ ನೋಡಿದೆ — ಅಷ್ಟು ಹೊತ್ತಿನಲ್ಲಿ ಮೂರು ಮಡಚಿದ್ದೇನೆ. ಮೂರಕ್ಕೂ ಹದಿನೆಂಟು ನೆರಿಗೆ ಸರಿಯಾಗಿದೆ. ಈ ಕೈಗಳನ್ನು ಕಡಿದು ಬಿಸಾಡಬೇಕು ಅನ್ನಿಸುತ್ತದೆ.

ಕಾರಿನಲ್ಲಿ ದಾಯ್ ಹೇಳಿಕೊಟ್ಟ, "ಜಾರಿದ ಅನ್ನು." ದಿಲ್‌ಮಾನ್ ಹಲ್ಲು ಕಟಕಟಿಸುತ್ತ ಅದನ್ನೇ ಅಂದ, "ಜಾರಿದ ಅನ್ನು ದಿದಿ, ಇಲ್ಲಾಂದ್ರೆ ಇಬ್ಬರ ವೀಸಾನೂ ಹೋಗುತ್ತೆ." ಆಸ್ಪತ್ರೆಯಲ್ಲಿ ಹಾಗೇ ಅಂದೆ. ನರ್ಸ್ ನನ್ನ ಮುಖ ನೋಡಿದಳು. ಬಿದ್ದವನ ಕೈ ಒಂದೇ ಸಮನಾಗಿ, ಬಳೆ ತೊಟ್ಟ ಹಾಗೆ, ಸುತ್ತಲೂ ಬೇಯುವುದಿಲ್ಲ ಎಂದು ಅವಳಿಗೆ ಗೊತ್ತಿಲ್ಲವೇ? ಹೋಗುವಾಗ ಒಂದು ಕಾರ್ಡ್ ಕೈಗಿಟ್ಟಳು. ಉಚಿತ ಕಾನೂನು ನೆರವಿನದು.

ಇವತ್ತು ಎಲ್ಲರೂ ಟೀಕಾ ಹಚ್ಚಿಸಿಕೊಳ್ಳಲು ದಾಯ್ ಮನೆಗೆ ಹೋಗಬೇಕು. ಊರು ಬಿಟ್ಟು ಬಂದವರಿಗೆ ಇಲ್ಲಿ ಹಿರಿಯ ಅವನೇ. ಮೊಸರು ಕುಂಕುಮದಲ್ಲಿ ಕಲಸಿದ ಅಕ್ಕಿ ಅವನ ಕೈಯಿಂದ ಹಣೆಗೆ ಬಿದ್ದರೆ ಜಗಳವೆಲ್ಲ ಅಲ್ಲಿಗೆ ಮುಗಿದಂತೆ. ಟೀಕಾ ಕೊಟ್ಟವರ ಮೇಲೆ ಮಾತೆತ್ತಬಾರದು. ಅಜ್ಜಿ ಹೇಳಿಕೊಟ್ಟದ್ದು, ಅವಳ ಅಜ್ಜಿ ಅವಳಿಗೆ.

ಭಾವುಜುಗೆ ಫೋನ್ ಮಾಡಿ ಹೇಳಿದೆ, "ಮುಟ್ಟಾಗಿದೀನಿ. ಬರೋ ಹಾಗಿಲ್ಲ."

"ನಿಂದು ಆಗಿ ಹತ್ತು ದಿನ ಆಯ್ತಲ್ಲೇ," ಅಂದಳು. ಆಮೇಲೆ, "ಸರಿ. ಪೂರ್ಣಿಮೆವರೆಗೆ ಟೀಕಾ ಇರುತ್ತೆ. ಅಲ್ಲಿವರೆಗೆ ಅವರಿಗೆ ಇದನ್ನೇ ಹೇಳ್ತೀನಿ."

ದಿಲ್‌ಮಾನ್ ಆಸ್ಪತ್ರೆಯಿಂದ ಎರಡು ಗಂಟೆ ಅನುಮತಿ ಕೇಳಿ ಹೋಗಿಬಂದ. ಫೋಟೊ ಕಳಿಸಿದ್ದಾನೆ. ಹಣೆ ತುಂಬ ಕೆಂಪು, ಕಿವಿಯ ಮೇಲೆ ಹಬ್ಬಕ್ಕೆ ಬೆಳೆಸಿದ ಜಮರಾದ ಹಳದಿ ಮೊಳಕೆ, ಬಲಗೈಗೆ ಬ್ಯಾಂಡೇಜು. ಪಕ್ಕದಲ್ಲಿ ದಾಯ್, ಹೆಗಲ ಮೇಲೆ ಕೈ. ನೂರು ವರ್ಷ ಬಾಳು ಅಂತ ಹರಸಿದನಂತೆ.

ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. "ನಿನ್ನ ಬೇಯಿಸಿದವನ ಕಾಲಿಗೆ ಬಿದ್ದೆಯಲ್ಲೋ, ನಾಚಿಕೆ ಆಗಲ್ವಾ?"

"ನೀನು ಮಡಚ್ತಾ ಇದ್ದೆಯಲ್ಲ ದಿದಿ," ಅಂದ. "ನಾನು ನೋಡಿದೆ."

ಅಕ್ಟೋಬರ್ 26, ಗುರುವಾರ. ಮಧ್ಯಾಹ್ನ
ಗಂಟೆ: 0

ಕಾರ್ಡಿನ ವಿಳಾಸಕ್ಕೆ ಹೋದೆ. ವಕೀಲೆ ಫಾಮ್ ಅಂತ. ವಿಯೆಟ್ನಾಂ ಕಡೆಯವಳಿರಬೇಕು. ನನ್ನಮ್ಮನಷ್ಟು ವಯಸ್ಸು, ಟೀ ಕೊಟ್ಟಳು.

"ಶನಿವಾರ ಠಾಣೆಗೆ ಬನ್ನಿ, ನಾನೂ ಬರ್ತೀನಿ. ಬರೆದಿಟ್ಟಿದ್ದು ಏನಾದ್ರೂ ಇದೆಯಾ? ತಾರೀಖು, ಗಂಟೆ, ಏಟು?"

ಇಲ್ಲ ಅಂದೆ. ಪುಸ್ತಕ ಚೀಲದಲ್ಲೇ ಇತ್ತು.

"ಬರೆದಿದ್ದು ಇದ್ರೆ, ಅದ್ರಲ್ಲಿ ನನ್ನ ಗಂಟೆ ಜಾಸ್ತಿ ಇದ್ರೆ?"

"ಶೋಷಣೆ ಆದವರನ್ನ ಬಿಟ್ಟುಬಿಡೋದೂ ಉಂಟು. ಆದ್ರೆ ಮಾತು ಕೊಡೋಕೆ ನನ್ನಿಂದಾಗಲ್ಲ. ವೀಸಾ ಹೋಗಲೂಬಹುದು."

ಸುಳ್ಳು ಹೇಳದವಳು. ಅದಕ್ಕೇ ಅವಳ ಮೇಲೆ ಸಿಟ್ಟು ಬಂತು. ದಿಲ್‌ಮಾನ್‌ಗೆ ಎಲ್ಲ ಹೇಳಿದೆ. ಹೇಳಬಾರದಿತ್ತು.

ಅಕ್ಟೋಬರ್ 27, ಶುಕ್ರವಾರ. ಮಧ್ಯಾಹ್ನ 2
ಗಂಟೆ: 3

ಎಡಗೈಯಿಂದ ಬರೆಯುತ್ತಿದ್ದೇನೆ. ಬಲಗೈ ಊದಿದೆ.

ದಾಯ್‌ಗೆ ಅನುಮಾನ ಬರದಿರಲೆಂದು ಕೆಲಸಕ್ಕೆ ಹೋಗಿದ್ದೆ. ಆದರೆ ದಿಲ್‌ಮಾನ್ ಅವನಿಗೆ ಎಲ್ಲ ಒದರಿದ್ದಾನೆ. ಭಯಕ್ಕೆ. ದಾಯ್ ಉಳಿದವರನ್ನೆಲ್ಲ ಊಟಕ್ಕೆಂದು ಹೊರಗೆ ಕಳಿಸಿದ. ನಾನು ಮಾಂಸ ಅರೆಯುವ ಯಂತ್ರದ ಹತ್ತಿರ ಇದ್ದೆ.

"ಗಂಟೆ ಬರೆಯೋ ಪುಸ್ತಕ ಎಲ್ಲಿ?"

"ಯಾವ ಪುಸ್ತಕ?"

ಜುಟ್ಟು ಹಿಡಿದು ಮೇಜಿಗೆ ಮುಖ ಬಡಿದ. ಎರಡು ಸಲ. ಮೂಗಿನಲ್ಲಿ ರಕ್ತ. ಬಲಗೈ ತಿರುಚಿ ಯಂತ್ರದ ಬಾಯಿಗೆ ಒಯ್ದ. ಯಂತ್ರ ತಿರುಗುತ್ತಿತ್ತು. ಬೆರಳ ತುದಿಗೆ ಅದರ ಅದುರು ತಾಗಿತು. ಅರೆದ ಮಾಂಸ ಹೊರಗೆ ಬರುವ ಕಡೆಯನ್ನೇ ನೋಡುತ್ತಿದ್ದೆ — ಈಗ ನಾನು ಬರುತ್ತೇನೆ ಎಂದು.

ಕಚ್ಚಿದೆ. ಅವನ ಮುಂದೋಳು ಬಾಯಿಗೆ ಸಿಕ್ಕಿತು. ಹಲ್ಲು ಹಲ್ಲಿಗೆ ಕೂಡುವವರೆಗೆ ಕಚ್ಚಿದೆ. ಅವನು ಬೊಬ್ಬೆ ಹೊಡೆದ, ನಾನು ಬಿಡಲಿಲ್ಲ. ನಿಜ ಬರೆಯುತ್ತೇನೆ ಎಂದಿದ್ದೇನೆ, ಬರೆಯುತ್ತೇನೆ: ಖುಷಿಯಾಯಿತು. ಲಟ್ಟಣಿಗೆ ಕೈಗೆ ಸಿಕ್ಕಿದ್ದರೆ ತಲೆ ಒಡೆಯುತ್ತಿದ್ದೆ.

ಯಂತ್ರ ನಿಂತಿತು. ದೀಪವೂ ಹೋಯಿತು. ಭಾವುಜು ಮೇನ್ ಸ್ವಿಚ್ ಕೆಳಗೆಳೆದು, ಅದರ ಮೇಲೆ ಬೆನ್ನು ಕೊಟ್ಟು ನಿಂತಿದ್ದಳು.

"ಸಾಕು," ಅಂದಳು. ಇಷ್ಟು ದಿನದಲ್ಲಿ ಗಂಡನ ಎದುರು ಅವಳ ಬಾಯಿಂದ ಬಂದ ಒಂದೇ ಮಾತು. ಅವನು ಅವಳ ಕಡೆ ತಿರುಗಿದ. ನಾನು ಓಡಿದೆ. ಅವಳನ್ನು ಅಲ್ಲೇ ಬಿಟ್ಟು ಓಡಿದೆ.

ಬಾಗಿಲಿಂದ ಅವನ ದನಿ ಬೆನ್ನಟ್ಟಿತು, "ನಾಳೆ ಪೂರ್ಣಿಮೆ. ಬಂದು ಟೀಕಾ ತಗೋ, ಪುಸ್ತಕ ಕೊಡು, ಮರೆತುಬಿಡೋಣ. ಬರಲಿಲ್ವಾ — ಎಪ್ಪತ್ತಾರು ಗಂಟೆ ಅಂತ ಇಮಿಗ್ರೇಷನ್‌ಗೆ ನಾನೇ ಬರೀತೀನಿ."

ಅಕ್ಟೋಬರ್ 28, ಶನಿವಾರ. ಪೂರ್ಣಿಮೆ. ಬೆಳಿಗ್ಗೆ 7

ಹಾಳೆ ಹರಿಯಲು ಕೂತೆ. 16ರಿಂದ 21ರವರೆಗಿನ ಗಂಟೆ ಒಂದು ಮಗ್ಗುಲಲ್ಲಿ. ಅದು ಹೋದರೆ ನನ್ನ ತಪ್ಪಿಗೆ ನನ್ನ ಕೈಬರಹ ಇರುವುದಿಲ್ಲ. ಅವನು ಏನೇ ಬರೆಯಲಿ, ಅವನ ಸಂಬಳದ ಪಟ್ಟಿಯಲ್ಲಿ ಯಾವತ್ತೂ ಕಮ್ಮಿ ಗಂಟೆಯೇ ಇರುವುದು.

ಎರಡಂಗುಲ ಹರಿದೆ. ಹಾಳೆ ತಿರುಗಿಸಿದೆ. ಹಿಂದಿನ ಮಗ್ಗುಲಲ್ಲಿ ದಿಲ್‌ಮಾನ್‌ನ ಕೈ. ಒಂದು, ಎರಡು, ಏಳರವರೆಗೆ.

ಒಂದೇ ಹಾಳೆ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವನಿಗೆ ಫೋನ್ ಮಾಡಿದೆ. "ಬರ್ತೀಯಾ ಠಾಣೆಗೆ?"

"ಟೀಕಾ ತಗೊಂಡಾಗಿದೆ ದಿದಿ. ಕೇಳಿದ್ರೆ ಜಾರಿದೆ ಅಂತಾನೇ ಹೇಳ್ತೀನಿ." ಅಳುತ್ತಿದ್ದ. "ನೀನೂ ಹೋಗಬೇಡ. ಯಾರೂ ಕೇಳ್ತಿಲ್ಲವಲ್ಲ, ಸುಮ್ನೆ ಇದ್ದುಬಿಡು."

ಹಾಗಾದರೆ ಅವನ ಕೈಯ ಕಥೆ ಇರುವುದು ಇಲ್ಲೊಂದೇ ಕಡೆ. ಹರಿದ ಜಾಗಕ್ಕೆ ಟೇಪ್ ಹಚ್ಚಿದೆ.

10.40, ಠಾಣೆಯಲ್ಲಿ

ಫಾಮ್ ಪಕ್ಕದಲ್ಲಿದ್ದಾಳೆ. ಪುಸ್ತಕ ನೋಡಿ ನನ್ನ ಭುಜ ಮುಟ್ಟಿದಳು. ಇದನ್ನು ಇಟ್ಟುಕೊಳ್ಳುತ್ತಾರಂತೆ. ನೇಪಾಳಿ ಬಲ್ಲವರು ಯಾರೋ ಕೂತು ಇಂಗ್ಲಿಷಿಗೆ ಮಾಡುತ್ತಾರಂತೆ. ಬೈದದ್ದನ್ನೂ ಮಾಡಲಿ. ನಾನು ಮಡಚಿದ ಮೂರು ಮೊಮೊ ಬಿಡದೆ ಮಾಡಲಿ.

ಭಾವುಜು ಮೆಸೇಜ್: "ಟೀಕಾ ತಟ್ಟೆ ರೆಡಿ ಮಾಡಿ ಕೂತಿದ್ದಾರೆ. ನಿನ್ನೇ ಕಾಯ್ತಿದ್ದಾರೆ." ಎರಡು ನಿಮಿಷ ಬಿಟ್ಟು ಇನ್ನೊಂದು: "ಬರಬೇಡ."

ಕೌಂಟರಿನವಳು ನನ್ನ ಹೆಸರು ಕರೆಯಲು ಒದ್ದಾಡುತ್ತಿದ್ದಾಳೆ. ಪುಸ್ತಕ ಕೇಳುತ್ತಿದ್ದಾಳೆ, ಕೈ ಚಾಚಿದ್ದಾಳೆ. ಒಂದು ನಿಮಿಷ ಅಂದೆ. ಇವತ್ತಿನದು ಬರೆದಿಲ್ಲ.

ಗಂಟೆ: