ಪರದೆಯ ಮೇಲಿನ ನಾಲ್ಕು ಡಿಗ್ರಿ

ಆಫೀಸು, ಮೂರನೇ ಮಹಡಿ
ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ಗೊಣಗಾ,

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತೇ, ಇಲ್ಲಾ ಈಗಲೂ ಕುರ್ಚಿಯ ತುದಿಯಲ್ಲೇ ಕೂತು ಕೆಲಸ ಮಾಡುತ್ತೀಯೋ? ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಅದಕ್ಕೇ ಬರೆಯುತ್ತಿಲ್ಲ. ಜಗಳವಾಡಿ ಹೋದ ಏಳು ತಿಂಗಳ ಮೇಲೆ ನಿನ್ನ ಮೆಸೇಜು ಬಂತು: "ಅಕ್ಕಾ, ನಾನೂ ಒಂದು ಸ್ಟಾರ್ಟಪ್ ಶುರು ಮಾಡ್ತಿದೀನಿ. ನೀನು ಕಲಿತಿದ್ದು ಏನಾದ್ರೂ ಇದ್ರೆ ಹೇಳು." ಓದಿ ಖುಷಿಯಾಯಿತು. ಆಮೇಲೆ ಫೋನಿನಲ್ಲಿ ಉತ್ತರ ಟೈಪು ಮಾಡಿ ಅಳಿಸಿಹಾಕಿದೆ. ಪೆನ್ನು ಹಿಡಿದು ಕಾಗದ ಬರೆಯುತ್ತಿದ್ದೇನೆಂದು ನಗಬೇಡ, ಅದಕ್ಕೊಂದು ಕಾರಣವಿದೆ.

ಹೊಸಬರ ಸಭೆಗಳಲ್ಲಿ ನಾನು ಮೈಕು ಹಿಡಿದು "ಮೊದಲು ತೋರಿಸಿ, ಆಮೇಲೆ ಸರಿಮಾಡಿ" ಎಂದು ಭಾಷಣ ಬಿಗಿಯುತ್ತಿದ್ದೆನಲ್ಲ, ನೀನು ಹಿಂದಿನ ಸಾಲಿನಲ್ಲಿ ಆಕಳಿಸುತ್ತಿದ್ದೆ. ನಿನ್ನ ಆಕಳಿಕೆಯೇ ಸರಿ. ನಮ್ಮ ಮೊದಲ ಡೆಮೋ ನೆನಪಿದೆಯೇ? ಹೂಡಿಕೆದಾರರು ಲಿಫ್ಟಿನಲ್ಲಿ ಮೇಲೆ ಬರುತ್ತಿದ್ದರು, ಔಷಧಿ ಫ್ರಿಜ್ಜಿನ ತಾಪ ಅಳೆಯುವ ನಮ್ಮ ಸೆನ್ಸರ್ ಮಾತು ನಿಲ್ಲಿಸಿತ್ತು, ಪರದೆಯ ಮೇಲೆ ಬರೀ ಗೆರೆ. ಸೆನ್ಸರ್ ಸುಮ್ಮನಾದರೆ ಕೊನೆಗೆ ಬಂದ ಅಂಕಿಯನ್ನೇ ತೋರಿಸುವ ಹಾಗೆ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆ ಎಂದು ನಿನ್ನ ತಲೆಯ ಮೇಲೆ ಕೂತವಳು ನಾನು. "ಗೊತ್ತಿಲ್ಲ ಅನ್ನೋದನ್ನೂ ತೋರಿಸ್ಬೇಕು ಕಣಕ್ಕಾ" ಎಂದು ಗೊಣಗುತ್ತಲೇ ಬರೆದೆ. ಡೆಮೋ ಆದ ಮೇಲೆ ತೆಗೆದುಬಿಡೋಣ ಎಂದು ನೀನು ಮೂರು ಸಲ ಕೇಳಿದೆ. ಮೂರನೇ ಸಲ ನಾನು ಎಲ್ಲರೆದುರು ಬೈದೆ, ನೀನು ಚೀಲ ಹೆಗಲಿಗೇರಿಸಿ ನಡೆದೆ. ಪೀಡೆ ತೊಲಗಿತು ಅಂದುಕೊಂಡೆ, ಸುಳ್ಳು ಹೇಳುವುದಿಲ್ಲ.

ಆ ಸಾಲು ಹಾಗೇ ಉಳಿಯಿತು. ನಮ್ಮ ಮೊದಲ ಗಿರಾಕಿ, ಆ ಚಿಕ್ಕ ಚಿಕಿತ್ಸಾಲಯದ ದಪ್ಪ ಕನ್ನಡಕದ ನರ್ಸಮ್ಮ, ದಿನಕ್ಕೆರಡು ಸಲ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ರಜೆಯಲ್ಲಿ ಫ್ರಿಜ್ಜು ಎಷ್ಟು ತಣ್ಣಗಾಗಿತ್ತೆಂದು ಗುರುತಿಟ್ಟುಕೊಂಡು ಮರುದಿನವೂ ಹೇಳುವ ಹಳೇ ಥರ್ಮಾಮೀಟರ್ ಅದು. "ಇನ್ಮೇಲೆ ಇದೆಲ್ಲ ಯಾಕಮ್ಮ?" ಎಂದು ಅದನ್ನು ಬಿಚ್ಚಿಸಿ ಫೋಟೋ ತೆಗೆಸಿಕೊಂಡವಳು ನಾನೇ. ಹೋದ ತಿಂಗಳು ಎರಡು ದಿನ ರಜೆ ಬಂತು. ಫ್ರಿಜ್ಜು ಕೆಟ್ಟು ಒಮ್ಮೆ ಮಿತಿಮೀರಿ ತಣ್ಣಗಾಗಿ ಒಳಗಿದ್ದ ಇನ್ಸುಲಿನ್ ಹೆಪ್ಪುಗಟ್ಟಿತು, ಬಾಗಿಲು ತೆರೆಯುವಷ್ಟರಲ್ಲಿ ಮತ್ತೆ ಕರಗಿತ್ತು. ಹಾಗೆ ಕೆಟ್ಟ ಔಷಧಿ ನೋಡಲು ಒಳ್ಳೆಯದರಂತೆಯೇ ತಿಳಿಯಾಗಿರುತ್ತದೆ. ಸೆನ್ಸರ್ ಎರಡೂ ದಿನ ಸುಮ್ಮನಿತ್ತು, ನಮ್ಮ ಪರದೆ ಮಾತ್ರ ನಾಲ್ಕು ಡಿಗ್ರಿ, ನಾಲ್ಕು ಡಿಗ್ರಿ ಎನ್ನುತ್ತಲೇ ಇತ್ತು. ನರ್ಸಮ್ಮ ನಂಬಿದರು. ಆ ಔಷಧಿ ಚುಚ್ಚಿಕೊಂಡ, ಸಕ್ಕರೆ ಕಾಯಿಲೆಯಿದ್ದ ಒಬ್ಬ ಬೇಕರಿಯವರು, ಅದು ಕೆಲಸ ಮಾಡದೆ ಐದನೇ ದಿನ ತೀರಿಕೊಂಡರು.

ನಾನು ಅವರ ಅಂಗಡಿಗೆ ಹೋಗಿದ್ದೆ. ಒಳಗೆ ಹೋಗಲಿಲ್ಲ. ಅವರ ಹೆಂಡತಿ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು, ರಸ್ತೆಯ ಈಚೆ ನಿಂತು ನೋಡಿ ಬಂದೆ. ನರ್ಸಮ್ಮನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಅವರೇ ಫೋನು ಮಾಡಿದರು, ನನ್ನನ್ನು ಬೈಯಲಿಲ್ಲ, "ಆ ಪುಸ್ತಕ ನಾನು ಬಿಡಬಾರದಿತ್ತು" ಎಂದಷ್ಟೇ ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ನೀನು ಪಾಠ ಕೇಳಿದೆ. ನಿನ್ನ ಯಂತ್ರಕ್ಕೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಬಿಡು. ಡೆಮೋಗೆಂದು ಹಾಕಿದ್ದನ್ನು ಅದೇ ದಿನ ಕಿತ್ತುಹಾಕು. ನಿನ್ನ ಗಿರಾಕಿಯ ಹಳೇ ಪುಸ್ತಕಕ್ಕೆ ಕೈ ಹಚ್ಚಬೇಡ. ಮತ್ತೆ, ನಿನ್ನಂಥ ಒಬ್ಬ ಗೊಣಗನನ್ನು ಹುಡುಕಿ ಪಕ್ಕದಲ್ಲಿ ಕೂರಿಸಿಕೋ, ಅವನು ಎದ್ದು ಹೋಗದಂತೆ ನೋಡಿಕೋ. ನಿನ್ನ ಕುರ್ಚಿಯಲ್ಲಿ ಈಗ ಪ್ರಿಂಟರ್ ಇದೆ. ಅದು ಎದುರು ಮಾತಾಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಕಟ್ಟಿದ್ದು ನಿಲ್ಲಲಿ.

ನಿನ್ನ,
ಅಕ್ಕ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಆ ಸಾವಿನ ತನಿಖೆಯವರಿಗೆ ಕೊಡುವ ಹೇಳಿಕೆಯನ್ನು ನಮ್ಮ ವಕೀಲರು ಸಿದ್ಧಮಾಡಿದ್ದಾರೆ. ಆ ಸಾಲನ್ನು ಯಾರಿಗೂ ತಿಳಿಸದೆ ಬರೆದಿಟ್ಟು ಹೋದವನು ನೀನು ಎಂದು ಅದರಲ್ಲಿದೆ. ನಿನ್ನೆ ನಾನು ಸಹಿ ಹಾಕಿದೆ. ಅವರು ನಿನ್ನ ಬಾಗಿಲಿಗೆ ಬಂದಾಗ ಈ ಕಾಗದ ಕೊಡು, ನನ್ನ ಕೈಬರಹ ಎಲ್ಲರಿಗೂ ಗೊತ್ತು. ನಡುವೆ ನಾನೇ ಬಂದು ಅತ್ತು ಕರೆದು ವಾಪಸು ಕೇಳಿದರೆ ಕೊಡಬೇಡ.